ನಂಜಪ್ಪನವರ ಹಾಜರಿಗೆ ನಾನು ಓಗೊಟ್ಟದ್ದು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ತಪ್ಪು ಮಾಡಿದವನು ನಾನೇ. ಬೇರೆ ಯಾರ ಮೇಲಾದರೂ ಸ್ವಲ್ಪ ಹಾಕಬಹುದೇ ಎಂದು ಇಷ್ಟು ದಿನ ಹುಡುಕಿದ್ದೇನೆ, ಯಾರೂ ಸಿಕ್ಕಿಲ್ಲ. 2023ರ ನವೆಂಬರ್ ತಿಂಗಳು. ಹಾಸನದ ನಮ್ಮ ಕಾಲೇಜಿನ ಸಭಾಂಗಣ. ಎರಡನೇ ಮಹಾಯುದ್ಧಕ್ಕೆ ಹೋಗಿ ತೀರಿಕೊಂಡವರ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತಿದ್ದರು. ಅದರಲ್ಲಿ ಒಂದು ಹೆಸರು ಕರೆದಾಗ ಹಿಂದಿನ ಸಾಲಿನಿಂದ "ಎಸ್ ಸಾರ್" ಅಂದವನು ನಾನು.

ಹುಚ್ಚೇ ನಿನಗೆ ಎಂದು ಕೇಳಬಹುದು. ಹುಚ್ಚಲ್ಲ, ಅಭ್ಯಾಸ. ಅಭ್ಯಾಸದ ಜೊತೆಗೆ ಒಂದಿಷ್ಟು ಕೊಬ್ಬು.

ನನ್ನ ಹೆಸರು ಚೇತನ್. ಕಾಲೇಜಿನಲ್ಲಿ ಆ ಹೆಸರಿನಿಂದ ಕರೆದರೆ ನಾನೇ ತಿರುಗಿ ನೋಡುತ್ತಿರಲಿಲ್ಲ. ಎಲ್ಲರಿಗೂ ನಾನು 'ಟೇಪು'. ಟೇಪ್ ರೆಕಾರ್ಡರಿನ ಟೇಪು. ಯಾರದೇ ದನಿಯನ್ನು ಎರಡು ಸಲ ಕೇಳಿದರೆ ಸಾಕು, ಮೂರನೇ ಸಲ ಅದು ನನ್ನ ಬಾಯಿಂದ ಬರುತ್ತಿತ್ತು. ನಮ್ಮೂರು ದುದ್ದ. ಬೆಳಗಿನ ಬಸ್ಸಿನಲ್ಲಿ ಹಾಸನಕ್ಕೆ ಬರುವಾಗ ಕೊರವಂಗಲದ ಗೇಟಿನಲ್ಲಿ ನಾನು ಕಂಡಕ್ಟರ್ ದನಿಯಲ್ಲಿ "ರೈಟ್, ರೈಟ್" ಅಂದುಬಿಡುತ್ತಿದ್ದೆ. ಡ್ರೈವರ್ ಬಸ್ಸು ಬಿಟ್ಟುಬಿಡುತ್ತಿದ್ದ. ಕೆಳಗಿಳಿದು ಜನ ಹತ್ತಿಸುತ್ತಿದ್ದ ನಿಜವಾದ ಕಂಡಕ್ಟರ್ ಬ್ಯಾಗು ಹಿಡಿದುಕೊಂಡು ಹಿಂದೆ ಓಡಿ ಬರುತ್ತಿದ್ದರು. ಮನೆಯಲ್ಲಿ ನಮ್ಮವ್ವನಿಗೆ ಪಕ್ಕದ ರೂಮಿನಿಂದಲೇ ಫೋನು ಮಾಡಿ, ಚಿಕ್ಕಮ್ಮನ ದನಿಯಲ್ಲಿ ಅರ್ಧ ಗಂಟೆ ಕಷ್ಟಸುಖ ಮಾತಾಡಿ, ನನ್ನನ್ನೇ ಬೈಸಿಕೊಂಡಿದ್ದೇನೆ. ನನ್ನ ಸ್ವಂತ ದನಿ ಮಾತ್ರ ಒಡಕು ಬಿಂದಿಗೆಯಂಥದ್ದು. ಹಾಗಾಗಿ ಅದನ್ನು ಆದಷ್ಟು ಕಡಿಮೆ ಬಳಸುತ್ತಿದ್ದೆ.

ಕಾಲೇಜಿನಲ್ಲಿ ಈ ವಿದ್ಯೆಗೆ ಇದ್ದ ದೊಡ್ಡ ಉಪಯೋಗವೆಂದರೆ ಪ್ರಾಕ್ಸಿ. ಬಾರದೇ ಇದ್ದವನ ಹೆಸರು ಕರೆದಾಗ ಬೇರೆ ಯಾರೋ ಅವನ ಪರವಾಗಿ ಹಾಜರಿ ಹೇಳುವುದಕ್ಕೆ ನಾವು ಹಾಗನ್ನುತ್ತೇವೆ. ಬೇರೆಯವರು ತಲೆ ಬಗ್ಗಿಸಿ ಏನೋ ಗೊಣಗಿ ಹಾಜರಿ ಕೊಟ್ಟರೆ ನಾನು ಅವರವರ ದನಿಯಲ್ಲೇ ಕೊಡುತ್ತಿದ್ದೆ. ಒಂದು ಪೀರಿಯಡ್ಡಿನಲ್ಲಿ ಏಳು ಜನಕ್ಕೆ ಕೊಟ್ಟ ದಾಖಲೆ ನನ್ನದು. ಅವತ್ತು ಆ ಭರಾಟೆಯಲ್ಲಿ ನನ್ನ ಹೆಸರು ಕರೆದದ್ದೇ ಕೇಳಿಸಲಿಲ್ಲ. ಹೋಟೆಲಿನಲ್ಲಿ ಬೈಟು ಟೀ ಕುಡಿಯುತ್ತಿದ್ದ ಏಳು ಜನಕ್ಕೆ ಹಾಜರಿ ಸಿಕ್ಕಿತು, ಬೆಂಚಿನ ಮೇಲೆ ಕೂತಿದ್ದ ನನಗೆ ಗೈರುಹಾಜರಿ.

ಈಗ ಬಸವರಾಜು ಸಾರ್ ವಿಷಯ. ಅವರು ನಮಗೆ ಇತಿಹಾಸ ಹೇಳಿಕೊಡುತ್ತಿದ್ದರು. ಹಿಂದೊಮ್ಮೆ ಹಳೇ ಸಾಮಾನಿನ ಕೋಣೆ ಖಾಲಿ ಮಾಡಿಸುವಾಗ ಅವರಿಗೆ ಯುದ್ಧದ ಕಾಲದ ಒಂದು ಹಾಜರಿ ಪುಸ್ತಕ ಸಿಕ್ಕಿತ್ತಂತೆ. ಅದರಲ್ಲಿ ನಾಲ್ಕು ಹುಡುಗರ ಹೆಸರಿನ ಮುಂದೆ ಹಾಜರಿ ಒಂದು ದಿನಕ್ಕೆ ನಿಂತುಹೋಗಿ, ಸೈನ್ಯಕ್ಕೆ ಸೇರಿದರೆಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ಸಾರ್ ಎಲ್ಲೆಲ್ಲಿಗೋ ಕಾಗದ ಬರೆದು, ಆ ನಾಲ್ವರೂ ಯುದ್ಧದಿಂದ ಹಿಂದಿರುಗಲಿಲ್ಲ ಎಂಬುದನ್ನು ಪತ್ತೆ ಮಾಡಿದರು. ಅವರ ಜೊತೆ ಹೋಗಿ ಹಿಂದಿರುಗದ ಒಬ್ಬ ಲ್ಯಾಬ್ ಅಟೆಂಡರೂ ಇದ್ದರು. ಅಟೆಂಡರ್ ಹೆಸರು ವಿದ್ಯಾರ್ಥಿಗಳ ಹಾಜರಿಯಲ್ಲಿ ಇರುವುದಿಲ್ಲವಲ್ಲ, ಸಾರ್ ಅದನ್ನು ಒಂದು ಚೀಟಿಯಲ್ಲಿ ಬರೆದು ಆ ಪುಟದಲ್ಲೇ ಇಟ್ಟಿದ್ದರು.

ಅಲ್ಲಿಂದ ಪ್ರತಿ ವರ್ಷ ನವೆಂಬರಿನಲ್ಲಿ ಅವರ ಸ್ಮರಣೆ. ಹಾರ, ಭಾಷಣ ಎಲ್ಲ ಕಡಿಮೆ. ಸಾರ್ ವೇದಿಕೆಯ ಮೇಲೆ ಆ ಪುಸ್ತಕ ತೆರೆದು, ಕ್ಲಾಸಿನಲ್ಲಿ ಕರೆಯುವ ಹಾಗೆಯೇ ನಂಬರು, ಹೆಸರು ಕರೆಯುತ್ತಿದ್ದರು. ಕರೆದ ಮೇಲೆ ತಲೆ ಎತ್ತಿ ಸಭೆಯ ಕಡೆ ನೋಡುತ್ತಿದ್ದರು. ಹುಡುಗ ಬಂದಿದ್ದಾನೋ ಇಲ್ಲವೋ ಎಂದು ಮೇಷ್ಟ್ರು ಎಷ್ಟು ಹೊತ್ತು ಕಾಯುತ್ತಾರೋ ಅಷ್ಟು ಹೊತ್ತು. ಯಾರೂ ಓಗೊಡುತ್ತಿರಲಿಲ್ಲ. ಪೆನ್ನಿನ ಕ್ಯಾಪು ತೆಗೆಯದೆ ಮುಂದಿನ ಹೆಸರಿಗೆ ಹೋಗುತ್ತಿದ್ದರು. ಆ ಮೌನವೇ ಶ್ರದ್ಧಾಂಜಲಿ. ಮೊದಲನೇ ವರ್ಷದಲ್ಲಿ ಅದನ್ನು ನೋಡಿದಾಗ ನನಗೂ ಮೈ ಜುಮ್ಮೆಂದಿತ್ತು. ಹಾಗಾಗಿ ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲ.

ಆ ವರ್ಷ ಒಂದು ವಿಶೇಷವಿತ್ತು. ಆ ನಾಲ್ವರಲ್ಲಿ ಒಬ್ಬರಾದ ಕೆ. ಎಲ್. ನಂಜಪ್ಪನವರ ಮಗಳು ಹೊಳೆನರಸೀಪುರದಲ್ಲಿ ಇದ್ದಾರೆಂದು ಸಾರ್‌ಗೆ ಗೊತ್ತಾಗಿತ್ತು. ಹೆಸರು ಸರೋಜಮ್ಮ, ಎಂಬತ್ತು ವರ್ಷ, ಪ್ರೈಮರಿ ಸ್ಕೂಲ್ ಟೀಚರಾಗಿ ನಿವೃತ್ತರಾದವರು. ಅವರು ಅವತ್ತು ಬಂದದ್ದು ಯಾಕೆ ಎಂಬುದನ್ನು ನಾನು ಇಲ್ಲೇ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ಬರೀ ತುಂಟತನದಂತೆ ಕಾಣುತ್ತದೆ.

ನಂಜಪ್ಪನವರು ಅರಕಲಗೂಡು ಕಡೆಯವರು. ಇಂಟರ್‌ಮೀಡಿಯೆಟ್ ಓದುವಾಗಲೇ ಮದುವೆಯಾಗಿತ್ತು. ಓದು ಅರ್ಧಕ್ಕೆ ಬಿಟ್ಟು ಸೈನ್ಯದ ವೈರ್‌ಲೆಸ್ ಕೆಲಸಕ್ಕೆ ಸೇರಿ ಬರ್ಮಾ ಕಡೆ ಹೋದರು. ಆಗ ಹೆಂಡತಿ ಬಸುರಿ. ಕಾಣೆಯಾಗಿದ್ದಾರೆ ಎಂದು ಮೊದಲು ಒಂದು ಕಾಗದ ಬಂತು, ತೀರಿಕೊಂಡಿರಬೇಕು ಎಂದು ಆಮೇಲೆ ಇನ್ನೊಂದು. ನಂಜಪ್ಪನವರ ತಾಯಿ ಆ ಎರಡನೇ ಕಾಗದವನ್ನು ಒಪ್ಪಲಿಲ್ಲ. ಹೆಣ ನೋಡಿದವರು ಯಾರು ಎಂದು ಕೇಳಿದರು. ನಮ್ಮ ಕಡೆ ಮಾರ್ನಮಿ ಅಮಾವಾಸ್ಯೆಗೆ ಮನೆಯ ಹಿರಿಯರಿಗೆ ಎಡೆ ಇಟ್ಟು, ತೀರಿಹೋದವರ ಹೆಸರನ್ನೆಲ್ಲ ಒಬ್ಬೊಬ್ಬರದಾಗಿ ಹೇಳಿ ಧೂಪ ಹಾಕುತ್ತೇವೆ. ಆ ಸಾಲಿನಲ್ಲಿ ನನ್ನ ಮಗನ ಹೆಸರು ಹೇಳಕೂಡದು, ಬದುಕಿರುವವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಆ ಅಜ್ಜಿ ಕಟ್ಟು ಮಾಡಿದರು. ಅಜ್ಜಿ ಹೋದ ಮೇಲೆ ಸೊಸೆ ಅದನ್ನೇ ಪಾಲಿಸಿದರು, ಕುಂಕುಮ ಇಟ್ಟುಕೊಂಡೇ ಕಣ್ಣು ಮುಚ್ಚಿದರು. ಅವ್ವನ ಮೇಲಿನ ಗೌರವಕ್ಕೆ ಸರೋಜಮ್ಮನೂ ಪಾಲಿಸಿದರು. ಹೀಗೆ ಎಂಬತ್ತು ವರ್ಷ ನಂಜಪ್ಪನವರ ಹೆಸರನ್ನು ಸತ್ತವರ ಸಾಲಿನಲ್ಲಿ ಯಾರೂ ಕರೆಯಲಿಲ್ಲ, ಬದುಕಿದ್ದವರ ಸಾಲಿನಲ್ಲಿ ಕರೆಯುವಂತೆಯೂ ಇರಲಿಲ್ಲ.

ಬಸವರಾಜು ಸಾರ್ ಫೋನಿನಲ್ಲಿ ಕರೆದಾಗ ಸರೋಜಮ್ಮ ಒಂದೇ ಮಾತು ಹೇಳಿದ್ದರಂತೆ. "ಬತ್ತೀನಿ ಸಾರ್. ನನ್ ಮುಂದೆ ಒಂದ್ಸಲ ಅವರ ಹೆಸ್ರು ಕೂಗ್ಬುಡಿ. ಯಾರೂ ಓಗೊಡದೆ ಇದ್ದದ್ದ ನನ್ ಕಿವೀಲಿ ಕೇಳಿಸ್ಕೊಂಡ್ರೆ, ಬರೋ ಮಾರ್ನಮಿಗೆ ಎಡೆ ಇಟ್ಬುಡ್ತೀನಿ. ನಾನೂ ಎಷ್ಟ್ ದಿನ ಇರ್ತೀನಿ."

ಅವರು ಬಂದದ್ದು ಆ ಮೌನ ಕೇಳುವುದಕ್ಕೆ. ಅಷ್ಟೇ.

ಸಾರ್ ಇದನ್ನೆಲ್ಲ ವೇದಿಕೆಯ ಮೇಲೆ ವಿವರವಾಗಿಯೇ ಹೇಳಿದರು. ನಾನು ಆಗ ಹಿಂದಿನ ಸಾಲಿನಲ್ಲಿ ಕಟ್ಟಾಯದ ನನ್ನ ಗೆಳೆಯ ಮಧುವಿಗೆ ಪ್ರಿನ್ಸಿಪಾಲರು ಹೇಗೆ ಸೀನುತ್ತಾರೆ ಎಂಬುದನ್ನು ಮಾಡಿ ತೋರಿಸುತ್ತಿದ್ದೆ. ಹಿಂದಿನ ವಾರವಷ್ಟೇ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಅದೇ ವೇದಿಕೆ ಮೇಲೆ ಇಪ್ಪತ್ತು ನಿಮಿಷ ಮಿಮಿಕ್ರಿ ಮಾಡಿದ್ದೆ. ಸಭೆ ಬಿದ್ದು ಬಿದ್ದು ನಕ್ಕಿತ್ತು. ಹುಡುಗಿಯರು ಕಾರಿಡಾರಿನಲ್ಲಿ ನಿಲ್ಲಿಸಿ ಮಾತಾಡಿಸಿದ್ದರು. ಅವರಿಗೆ ಬೇಕಾಗಿದ್ದುದು ಪ್ರಿನ್ಸಿಪಾಲರ ದನಿ, ಅದು ಬೇರೆ ಮಾತು. ನನ್ನ ಕಾಲು ಮಾತ್ರ ಒಂದು ವಾರದಿಂದ ನೆಲಕ್ಕೆ ಸರಿಯಾಗಿ ತಾಗಿರಲಿಲ್ಲ.

ಸಾರ್ ಪುಸ್ತಕ ತೆರೆದರು. ಮೊದಲನೇ ಹೆಸರು ಕರೆದರು. ಮೌನ. ಎರಡನೆಯದು. ಮೌನ. ಆಗ ಮಧು ನನ್ನ ಪಕ್ಕೆಗೆ ತಿವಿದು ಪಿಸುಗುಟ್ಟಿದ. "ಲೋ ಟೇಪು, ಇಡೀ ಕಾಲೇಜ್ಗೆ ಪ್ರಾಕ್ಸಿ ಕೊಟ್ಟಿದೀಯ. ಇವ್ರಿಗೆ ಕೊಡ್ಲಾ ನೋಡಾನ."

ಅವನು ತಮಾಷೆಗೆ ಅಂದದ್ದು. ಅವನ ಬಾಯಿ ಮುಚ್ಚುವುದರೊಳಗೆ ಸಾರ್ ಕರೆದರು, "ನಂಬರ್ ಹತ್ತೊಂಬತ್ತು, ಕೆ. ಎಲ್. ನಂಜಪ್ಪ." ತಲೆ ಎತ್ತಿ ನೋಡಿದರು.

ನನ್ನ ಬಾಯಿ ನನ್ನನ್ನು ಕೇಳಲಿಲ್ಲ. ನಮ್ಮ ಲೈಬ್ರರಿ ಅಟೆಂಡರ್ ಮೂಗಿನಲ್ಲಿ ಮಾತಾಡುತ್ತಾರೆ. ಆ ದನಿಗೆ ಹಳೇ ರೇಡಿಯೋದ ಗರಗರ ಸ್ವಲ್ಪ ಬೆರೆಸಿ, ದೂರದಿಂದ ಬಂದ ಹಾಗೆ ಗಂಟಲು ಬಿಗಿ ಹಿಡಿದು, "ಎಸ್ ಸಾರ್" ಅಂದೆ.

ಚೆನ್ನಾಗಿ ಬಂತು. ಅದನ್ನೂ ಒಪ್ಪಿಕೊಳ್ಳಬೇಕು. ನಾನು ಇದುವರೆಗೆ ಮಾಡಿದ ದನಿಗಳಲ್ಲೆಲ್ಲ ಅದಕ್ಕಿಂತ ಚೆನ್ನಾಗಿ ಯಾವುದೂ ಬಂದಿಲ್ಲ. ಹಿಂದಿನ ಎರಡು ಮೂರು ಸಾಲು ಗೊಳ್ಳೆಂದು ನಕ್ಕಿತು.

ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ ಎದ್ದು ನಿಂತರು. ತಿಳಿ ನೀಲಿ ಸೀರೆ, ಬಿಳಿ ತಲೆ, ಕೈಯಲ್ಲಿ ಒಂದು ಬಟ್ಟೆ ಚೀಲ. ಎದ್ದವರು ಮೆಲ್ಲಗೆ ಏಳಲಿಲ್ಲ, ಯಾರೋ ಎಬ್ಬಿಸಿದ ಹಾಗೆ ಎದ್ದರು. ಎದ್ದು ಹಿಂದಕ್ಕೆ ತಿರುಗಿ ನಮ್ಮ ಸಾಲುಗಳನ್ನು ನೋಡಿದರು. ಒಂದೊಂದೇ ಮುಖ ನೋಡುತ್ತ ಬಂದರು. ನನ್ನ ಮುಖವನ್ನೂ ನೋಡಿ ಮುಂದಕ್ಕೆ ಹೋದರು. ನಗು ಎಲ್ಲಿ ನಿಂತಿತೋ ಗೊತ್ತಾಗಲಿಲ್ಲ.

ಬಸವರಾಜು ಸಾರ್ ಕೆಳಗಿಳಿದು ಬಂದು ಅವರ ಕೈ ಹಿಡಿದು ಕೂರಿಸಿದರು. ಮತ್ತೆ ಕರೆಯುತ್ತೇನೆ ಅಂದರಂತೆ. ಅವರು ಬೇಡವೆಂದು ತಲೆಯಾಡಿಸಿದ್ದು ಹಿಂದಿನಿಂದಲೂ ಕಾಣಿಸಿತು. ಉಳಿದ ಇಬ್ಬರ ಹೆಸರು ಮುಗಿಯುವವರೆಗೆ ತಲೆ ತಗ್ಗಿಸಿ ಕೂತಿದ್ದು, ಆಮೇಲೆ ಕಾಫಿಗೂ ನಿಲ್ಲದೆ ಹೊರಟುಹೋದರು. ಗೇಟಿನ ತನಕ ಹೋಗಿ ಆಟೋ ಹತ್ತಿಸಿ ಬಂದ ಸಾರ್ ನಮ್ಮ ಕಡೆ ನೋಡಲಿಲ್ಲ.

ಆ ಮುದುಕಿ ಯಾರೆಂದು ಆಮೇಲೆ ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಹೇಳಿದಳು. ಅದರ ಹಿಂದಿನದೆಲ್ಲ ಹೇಳಿದಳು. ನಾನು ಸೀನುತ್ತಿದ್ದಾಗ ಸಾರ್ ಹೇಳಿದ್ದು ಅದು.

ಇಷ್ಟಕ್ಕೇ ಎದ್ದು ಹೋಗಿ ಒಪ್ಪಿಕೊಂಡಿದ್ದರೆ ಇದನ್ನು ಬರೆಯುವಾಗ ಕೈ ಇಷ್ಟು ಹಿಂಜರಿಯುತ್ತಿರಲಿಲ್ಲ. ನಾನು ಒಪ್ಪಿಕೊಳ್ಳಲಿಲ್ಲ. ಮಾರನೇ ದಿನ ಸಾರ್ ಕ್ಲಾಸಿಗೆ ಬಂದು ಯಾರೆಂದು ಕೇಳಿದರು. ಬೈಯಲಿಲ್ಲ. ಸರೋಜಮ್ಮನವರು ಫೋನು ಮಾಡಿದ್ದರೆಂದೂ, ಅಂದದ್ದು ಯಾರು, ನಿಮ್ಮ ಹುಡುಗನೇ ತಾನೇ ಎಂದು ಮಾತ್ರ ಕೇಳಿದರೆಂದೂ ಹೇಳಿದರು. ಅವರಿಗೆ ಶಿಕ್ಷೆ ಬೇಕಿಲ್ಲವಂತೆ, ಯಾವುದೋ ಹುಡುಗ ಅಂದದ್ದು ಎಂದು ಖಾತ್ರಿಯಾದರೆ ಸಾಕಂತೆ. ನಾನು ಡೆಸ್ಕಿನ ಮೇಲೆ ಯಾರೋ ಕೊರೆದಿದ್ದ ಹೃದಯದ ಗುರುತು ನೋಡುತ್ತ ಕೂತೆ. ಹಾಲ್‌ಟಿಕೆಟ್ ತಡೆಹಿಡಿಯುತ್ತಾರೆ, ಅಪ್ಪನನ್ನು ಕರೆಸುತ್ತಾರೆ ಎಂಬ ಭಯ. ಹೊರಗೆ ಬಂದ ಮೇಲೆ ಮಧು ಸಮಾಧಾನ ಮಾಡಿದ. ಸುಮ್ಕಿರ್ಲಾ, ನಿನ್ ದನೀನೇ ಅಲ್ವಲ್ಲ ಅದು, ಹೆಂಗ್ ಕಂಡಿಡಿತಾರೆ ಅಂದ. ಅವನು ಅಂದದ್ದು ನಿಜವೇ ಆಗಿತ್ತು, ಅದರಿಂದ ಏನೂ ಸಮಾಧಾನವಾಗಲಿಲ್ಲ.

ಎರಡನೇ ದಿನ ಸಾರ್ ಹಾಜರಿ ಮುಗಿಸಿ, ನಿನ್ನೆಯೂ ಫೋನು ಬಂದಿತ್ತು ಅಂದರು. ಮೂರನೇ ದಿನವೂ ಅಷ್ಟೇ ಅಂದರು. ನಾಲ್ಕನೇ ದಿನ ಏನೂ ಅನ್ನಲಿಲ್ಲ. ಸುಮ್ಮನೆ ಹಾಜರಿ ಕರೆದರು. ಅವತ್ತು ನಾಲ್ಕು ಜನ ಪ್ರಾಕ್ಸಿ ಕೊಡೆಂದು ನನಗೆ ಹೇಳಿ ಹೋಗಿದ್ದರು. ನಾನು ಒಬ್ಬರಿಗೂ ಕೊಡಲಿಲ್ಲ. ನನ್ನದೇ ಹೆಸರು ಬಂದಾಗ ಬಾಯಿ ತೆರೆದೆ, ಗಾಳಿ ಮಾತ್ರ ಬಂತು. ಸಾರ್ ತಲೆ ಎತ್ತಿ, ವೇದಿಕೆಯ ಮೇಲೆ ಕಾದಂತೆಯೇ ಕಾದು, ನನ್ನನ್ನು ನೋಡುತ್ತಲೇ ಗೈರುಹಾಜರಿ ಹಾಕಿದರು.

ಪೀರಿಯಡ್ ಮುಗಿದ ಮೇಲೆ ಸ್ಟಾಫ್ ರೂಮಿಗೆ ಹೋದೆ. ಸಾರ್ ಒಬ್ಬರೇ ಇದ್ದರು. ನಾನು ಹೇಳಬೇಕೆಂದು ಜೋಡಿಸಿಕೊಂಡು ಹೋದ ಮಾತೆಲ್ಲ ಮರೆತುಹೋಗಿ, "ಸಾ, ಅದು ನಾನೇ" ಎಂದಷ್ಟೇ ಅಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏಳು ಜನಕ್ಕೆ ಕೊಟ್ಯಲ್ಲ, ಅವತ್ತೂ ನಂಗೊತ್ತಿತ್ತು ಕಣಯ್ಯ. ನಗು ಬಂತು, ಸುಮ್ನಿದ್ದೆ. ಅವತ್ತೇ ಕಪಾಳಕ್ಕೆ ಹಾಕಿದ್ರೆ ಆಗಿರೋದು" ಅಂದರು. ಆಮೇಲೆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬಸ್ ಸ್ಟ್ಯಾಂಡಿಗೆ ಬಾ ಅಂದರು.

ಹೊಳೆನರಸೀಪುರದ ಬಸ್ಸಿನಲ್ಲಿ ಸಾರ್ ಕಿಟಕಿ ಪಕ್ಕ ಕೂತು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಹಿಂದಿನ ಸೀಟಿನಲ್ಲಿ ಒಬ್ಬಾತ ಫೋನಿನಲ್ಲಿ ತನ್ನ ಹೆಂಡತಿಯನ್ನು ರಮಿಸುತ್ತಿದ್ದ. ಬೇರೆ ದಿನವಾಗಿದ್ದರೆ ಇಳಿಯುವಷ್ಟರಲ್ಲಿ ಅವನು ನನ್ನ ಗಂಟಲಿಗೆ ಇಳಿದಿರುತ್ತಿದ್ದ. ಅವತ್ತು ಅವನು ಏನಂದ ಎಂಬುದೇ ತಲೆಗೆ ಹೋಗಲಿಲ್ಲ.

ಸರೋಜಮ್ಮನವರ ಮನೆ ಪೇಟೆಯ ಹಿಂದಿನ ಒಂದು ಓಣಿಯಲ್ಲಿತ್ತು. ಎದುರಿಗೆ ಹಿಟ್ಟಿನ ಗಿರಣಿ, ಅದರ ಸದ್ದು ಮನೆಯೊಳಗೂ ಬರುತ್ತಿತ್ತು. ಸೊಸೆ ಅವಲಕ್ಕಿ, ಕಾಫಿ ತಂದಿಟ್ಟು ಒಳಗೆ ಹೋದರು. ಸರೋಜಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಸಾರ್ ಇವನೇ ಎಂದು ಹೇಳಿದಾಗ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದರು. ಕೋಪವಿರಲಿಲ್ಲ. ಲೆಕ್ಕ ತಪ್ಪು ಮಾಡಿದ ಹುಡುಗನ ಸ್ಲೇಟನ್ನು ನೋಡುವ ಹಾಗೆ ನೋಡಿದರು.

"ಎಲ್ಲಿ, ಅವತ್ತು ಅಂದಂಗೆ ಇನ್ನೊಂದ್ಸಲ ಅನ್ನು" ಅಂದರು.

ನಾನು ಸಾರ್ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಬೇಡ ಅಮ್ಮ ಎಂದು ಗೋಗರೆದೆ. ಅವರು ಒಪ್ಪಲಿಲ್ಲ. ನೀನೇ ಅಂತ ಇವರು ಹೇಳ್ತಾರೆ, ನನ್ನ ಕಿವಿ ಒಪ್ಪಬೇಕಲ್ಲ ಅಂದರು. ಕೇಳಿದವರಿಗೆಲ್ಲ, ಕೇಳದವರಿಗೂ, ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಹಾಲಿನ ಡೈರಿಯ ಸಾಲಿನಲ್ಲಿ ದನಿ ಮಾಡಿ ತೋರಿಸಿದವನು ನಾನು. ಆ ನಡುಮನೆಯಲ್ಲಿ ಮೂರು ಸಲ ಬಾಯಿ ತೆರೆದರೂ ಬರಲಿಲ್ಲ. ನಾಲ್ಕನೇ ಸಲ ಬಂತು. ಅದೇ ಮೂಗು, ಅದೇ ಗರಗರ. ಅವರು ನನ್ನ ಬಾಯನ್ನೇ ನೋಡುತ್ತ ಕೇಳಿಸಿಕೊಂಡರು.

"ಹೂಂ. ಇದೇಯ" ಅಂದು ಉಸಿರು ಬಿಟ್ಟರು. ಆಮೇಲೆ ಹೇಳಿದರು, "ನಂಗೆ ಎಂಬತ್ತು. ಬದುಕಿದ್ರೆ ಅವರಿಗೆ ನೂರು ದಾಟೋದು. ಮೂವತ್ತಾರು ವರ್ಷ ಮಕ್ಕಳಿಗೆ ಲೆಕ್ಕ ಹೇಳ್ಕೊಟ್ಟೋಳಿಗೆ ಇಷ್ಟು ಲೆಕ್ಕ ಗೊತ್ತಿಲ್ವಾ? ಆದ್ರೂ ತಿರುಗಿ ನೋಡ್ಬುಟ್ಟೆ ಕಣಪ್ಪ. ಅಷ್ಟು ಜನದ ಮುಂದೆ. ನೀನು ಅಂದದ್ದಕ್ಕಿಂತ ನಾನು ಎದ್ದು ತಿರುಗಿದ್ನಲ್ಲ, ಅದು ನಾಚ್ಕೆ ನಂಗೆ. ಮೂರ್ ದಿನ ಊಟ ಸೇರ್ಲಿಲ್ಲ."

ನಾನು ಮಾಡಿದ್ದಕ್ಕೆ ಅವರು ನಾಚಿಕೆಪಡುತ್ತಿದ್ದರು. ಅಷ್ಟು ದಿನ ನನಗಿದ್ದದ್ದು ಸಿಕ್ಕಿಬೀಳುವ ಭಯ. ನಾಚಿಕೆ ಎಂದರೇನೆಂದು ನನಗೆ ಗೊತ್ತಾದದ್ದು ಆ ನಡುಮನೆಯಲ್ಲಿ, ಆರಿಹೋಗುತ್ತಿದ್ದ ಕಾಫಿಯ ಎದುರಿಗೆ.

ಸಾರ್ ಬ್ಯಾಗಿನಿಂದ ಆ ಹಾಜರಿ ಪುಸ್ತಕ ತೆಗೆದರು. ತಂದಿದ್ದಾರೆಂದು ನನಗೆ ಗೊತ್ತಿರಲಿಲ್ಲ. ನಿಮ್ಮ ಅಪ್ಪಣೆಯಾದರೆ ಇಲ್ಲೇ ಇನ್ನೊಂದು ಸಲ ಕರೆಯುತ್ತೇನೆ ಅಮ್ಮ ಅಂದರು. ಸರೋಜಮ್ಮ ಪುಸ್ತಕವನ್ನು ಸ್ವಲ್ಪ ಹೊತ್ತು ದೂರದಿಂದಲೇ ನೋಡಿದರು.

"ನೀವ್ ಬೇಡಿ. ಕೊಡಿ ಇಲ್ಲಿ" ಅಂದರು.

ಸೊಸೆಯನ್ನು ಕರೆದು ಕನ್ನಡಕ ತರಿಸಿದರು. ಪುಸ್ತಕವನ್ನು ಟೀಪಾಯಿ ಮೇಲಿಟ್ಟು, ಬೆರಳನ್ನು ಒಂದೊಂದೇ ಹೆಸರಿನ ಮೇಲೆ ಇಳಿಸುತ್ತ ಬಂದರು. ಹತ್ತೊಂಬತ್ತರ ಹತ್ತಿರ ಬೆರಳು ನಿಂತಿತು. ಆ ಸಾಲಿನ ಟಿಕ್ಕುಗಳನ್ನೆಲ್ಲ ಎಡದಿಂದ ಬಲಕ್ಕೆ ನೋಡಿದರು. ನಡುವೆ ಒಂದು ಕಡೆ ಎರಡು ದಿನ ಗೈರುಹಾಜರಿ ಇತ್ತು. ನಮ್ಮವ್ವನ ಮದುವೆ ಆಗಿದ್ದು ಆಗಲೇ ಇರಬೇಕು ಅಂದರು, ಯಾರಿಗೂ ಅಲ್ಲದ ಹಾಗೆ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಹಿಂದಿನ ಬೆಂಚಿನ ತನಕ ಕೇಳುವ ಟೀಚರ್ ದನಿಯಲ್ಲಿ ಕರೆದರು.

"ಕೆ. ಎಲ್. ನಂಜಪ್ಪ."

ತಲೆ ಎತ್ತಿ ಬಾಗಿಲ ಕಡೆ ನೋಡಿದರು.

ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. ಎದುರಿನ ಗಿರಣಿ ಓಡುತ್ತಲೇ ಇತ್ತು. ಓಣಿಯಲ್ಲಿ ಯಾವುದೋ ಮೊಪೆಡ್ ಬಂದು, ನಿಂತು, ಮತ್ತೆ ಹೋಯಿತು. ನಾನು ತುಟಿ ಕಚ್ಚಿಕೊಂಡಿದ್ದೆ. ಸಭಾಂಗಣದಲ್ಲಿ ನಾನು ಕೆಡಿಸಿದ ಮೌನ ಎಷ್ಟು ಉದ್ದವಿತ್ತು ಎಂಬುದು ಆಗ ತಿಳಿಯಿತು. ಸಾರ್ ಕಾಯುತ್ತಿದ್ದುದಕ್ಕಿಂತ ಸರೋಜಮ್ಮ ತುಂಬ ಹೆಚ್ಚು ಹೊತ್ತು ಕಾದರು.

"ಇಲ್ಲ" ಅಂದರು ಆಮೇಲೆ. ಪುಸ್ತಕ ಮುಚ್ಚಿ, ಎರಡು ಕೈಯಲ್ಲೂ ಹಿಡಿದು ಸಾರ್‌ಗೆ ಕೊಟ್ಟರು. ಬರುವ ಮಾರ್ನಮಿಗೆ ಎಡೆಯಲ್ಲಿ ಏನೇನು ಇಡಬೇಕೋ, ಅಪ್ಪನಿಗೆ ಇಷ್ಟವಾದ ತಿಂಡಿ ಯಾವುದೆಂದೇ ಗೊತ್ತಿಲ್ಲ, ಕೇಳಲು ಯಾರೂ ಉಳಿದಿಲ್ಲ ಎಂದು ಸೊಸೆಗೆ ಹೇಳಿದರು. ಕಣ್ಣು ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡದ್ದು ಬಸವರಾಜು ಸಾರ್.

ಆಮೇಲಿನ ಮಾರ್ನಮಿಗೆ ಎಡೆ ಇಟ್ಟರೆಂದು ಸಾರ್ ಹೇಳಿ ತಿಳಿಯಿತು. ನಾನು ಪ್ರಾಕ್ಸಿ ಕೊಡುವುದನ್ನು ಬಿಟ್ಟೆ. ಗೆಳೆಯರಿಗೆ ಹಾಜರಿ ಕಡಿಮೆಯಾಯಿತು, ನನ್ನ ಮೇಲಿನ ಪ್ರೀತಿಯೂ ಕಡಿಮೆಯಾಯಿತು. ಈಗ ಚನ್ನರಾಯಪಟ್ಟಣದಲ್ಲಿ ಒಂದು ಗೊಬ್ಬರದ ಅಂಗಡಿಯಲ್ಲಿ ಬಿಲ್ಲು ಬರೆಯುತ್ತೇನೆ. ಗಿರಾಕಿಗಳ ದನಿ ತೆಗೆಯುವುದು ಪೂರ್ತಿ ನಿಂತಿಲ್ಲ, ಮಾಲೀಕರ ದನಿಯಂತೂ ದಿನಕ್ಕೆ ಎರಡು ಸಲ ಬರುತ್ತದೆ. ಆದರೆ ಆ ಒಂದು ದನಿಯನ್ನು ಮಾತ್ರ ಮತ್ತೆ ಮಾಡಿಲ್ಲ. ಎಲ್ಲಿಯಾದರೂ ಹೆಸರು ಕರೆದು, ಉತ್ತರ ಬರುವ ಮೊದಲು ಒಂದು ಕ್ಷಣ ಖಾಲಿಯಾದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಆಸ್ಪತ್ರೆಯ ಚೀಟಿ ಸಾಲಿನಲ್ಲಾಗಲಿ, ಬ್ಯಾಂಕಿನಲ್ಲಾಗಲಿ, ಆ ಹೆಸರಿನವರು ಬೇಗ ಓಗೊಟ್ಟುಬಿಡಲಿ ಎಂದು ಬೇಡಿಕೊಳ್ಳುತ್ತ ನಿಂತಿರುತ್ತೇನೆ.

ಅವತ್ತು ಹೊರಡುವ ಹೊತ್ತಿನಲ್ಲಿ ಸರೋಜಮ್ಮನವರ ಕಾಲಿಗೆ ಬಿದ್ದೆ. ಸಾರ್ ಹೇಳಿ ಬಿದ್ದದ್ದಲ್ಲ, ನಾನಾಗಿಯೇ ಬಿದ್ದೆ. ಬೈಯಿರಿ, ಹೊಡೆಯಿರಿ, ಏನಾದರೂ ಮಾಡಿ, ತಪ್ಪಾಯಿತು, ಕ್ಷಮಿಸಿದೆ ಎಂದು ಒಂದು ಮಾತು ಹೇಳಿಬಿಡಿ ಅಮ್ಮ ಎಂದು ನನ್ನ ಒಡಕು ದನಿಯಲ್ಲೇ ಕೇಳಿದೆ. ಅದೊಂದು ಮಾತು ಸಿಕ್ಕಿದ್ದರೆ ಹಗುರವಾಗಿ ಬಸ್ಸು ಹತ್ತುತ್ತಿದ್ದೆ. ಅವರು ನನ್ನ ತೋಳು ಹಿಡಿದು ಎಬ್ಬಿಸಿದರು. ಅಂಗಿಯ ಧೂಳು ತಟ್ಟಿದರು. ಆಮೇಲೆ ಹೇಳಿದರು:

"ನೀನು ಓಗೊಟ್ಟಿದ್ದು ನನ್ನೆಸ್ರಿಗಲ್ಲ ಕಣಪ್ಪ, ಅವರೆಸ್ರಿಗೆ. ಕ್ಷಮಿಸೋದಿದ್ರೆ ಅವರೇ ಕ್ಷಮಿಸ್ಬೇಕು. ಅವರ ಬದ್ಲು ನಾನು ಕ್ಷಮಿಸ್ದೆ ಅಂದ್ಬುಟ್ರೆ, ಅದೂ ಪ್ರಾಕ್ಸಿನೇ ಅಲ್ವಾ?"